ಕೊಡಗಿನ ಫೋಟೊಗ್ರಾಫರನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ ಹತ್ತಿರ ಫೋಟೊ ತೆಗೆದು ಬದುಕುವವನು ನಾನು. ಮದುವೆ, ಹಬ್ಬ, ಕಾಫಿ ತೋಟ, ಹೋಂಸ್ಟೇ, ಪಾಸ್‌ಪೋರ್ಟ್ ಫೋಟೊ, ಬಂದದ್ದನ್ನೆಲ್ಲ ಮಾಡುತ್ತೇನೆ. ಮದುವೆ ಊಟದ ಸಾಲಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಹೊಸಬರ ಪ್ರಶ್ನೆ ಮೊದಲು, ಕಸುಬಿನವರದ್ದು ಆಮೇಲೆ. ಎಲ್ಲವನ್ನೂ ಓದಬೇಕಾಗಿಲ್ಲ. ನಿಮಗೆ ಬೇಕಾದದ್ದನ್ನು ನೋಡಿಕೊಳ್ಳಿ.

## ಈಗಷ್ಟೇ ಶುರು ಮಾಡಿದವರಿಗೆ

ಅಣ್ಣ, ಯಾವ ಕ್ಯಾಮೆರಾ ತಗೊಳ್ಳಲಿ?

ಕೈಯಲ್ಲಿರುವ ದುಡ್ಡಿನ ಅರ್ಧಕ್ಕೆ ಸಿಗುವ ಕ್ಯಾಮೆರಾ ತಗೊಳ್ಳಿ. ಉಳಿದ ಅರ್ಧ ಲೆನ್ಸ್‌ಗೆ ಇರಲಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಮೊದಲ ಲೆನ್ಸ್ 35 ಅಥವಾ 50 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಆಗಿದ್ದರೆ ಒಳ್ಳೆಯದು. ಕೊಡಗಿನ ಹಳೆ ಮನೆಗಳ ಒಳಗೆ ಬೆಳಕು ಕಮ್ಮಿ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದರೆ ಎಫ್ 5.6ಕ್ಕೆ ನಿಂತುಬಿಡುತ್ತದೆ. ಎಫ್ 1.8 ಲೆನ್ಸ್ ಅದರ ಎಂಟು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ.

ಫೋನ್ ಸಾಕಾಗಲ್ವಾ ಅಂತಲೂ ಕೇಳುತ್ತಾರೆ. ಕಲಿಯಲು ಸಾಕು. ಮದುವೆ ಒಪ್ಪಿಕೊಳ್ಳಲು ಸಾಕಾಗಲ್ಲ.

ಮಂಜು ಕಣ್ಣಿಗೆ ಎಷ್ಟು ಚೆಂದ ಇರುತ್ತೆ, ಫೋಟೊದಲ್ಲಿ ಮಾತ್ರ ಬೂದಿ ಥರ ಬರುತ್ತೆ. ಯಾಕೆ?

ಕ್ಯಾಮೆರಾದ ಮೀಟರ್ ಎದುರಿಗೆ ಕಂಡದ್ದನ್ನೆಲ್ಲ ನಡುಮಟ್ಟದ ಬೂದು ಅಂತ ಲೆಕ್ಕ ಹಾಕುತ್ತದೆ. ಎದುರಿಗೆ ಬಿಳಿ ಮಂಜು ತುಂಬಿದ್ದರೆ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಫೋಟೊವನ್ನು ಕತ್ತಲು ಮಾಡುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಶನ್ ಪ್ಲಸ್ 1ಕ್ಕೆ ತಿರುಗಿಸಿ, ಮಂಜು ಬೆಳ್ಳಗೇ ಬರುತ್ತದೆ. ಇನ್ನೊಂದು ಮಾತು. ಬರೀ ಮಂಜಿನ ಫೋಟೊ ಯಾರಿಗೂ ನೆನಪಿರಲ್ಲ. ಹತ್ತಿರದಲ್ಲಿ ಕಪ್ಪಗೆ ಏನಾದರೂ ಇರಲಿ. ಒಂದು ಸಿಲ್ವರ್ ಓಕ್ ಮರ ಸಾಕು, ಕೊಡೆ ಹಿಡಿದು ಬರುವ ಒಬ್ಬ ಮನುಷ್ಯ ಸಾಕು. ರಾಜಾಸೀಟಿನ ಕಂಬಿಗೆ ಒರಗಿ ತೆಗೆದ ಫೋಟೊ ಲಕ್ಷಾಂತರ ಇವೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಇಳಿದು ಬನ್ನಿ. ಮಂಜಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ಬರುವ ಬೆಳಗಿನ ಬಸ್ಸು ಅದಕ್ಕಿಂತ ಒಳ್ಳೆಯ ಫೋಟೊ ಕೊಡುತ್ತದೆ.

ತೋಟದೊಳಗೆ ತೆಗೆದರೆ ಮುಖ ಹಸಿರಾಗುತ್ತೆ, ಏನು ಮಾಡೋದು?

ತಪ್ಪು ಕ್ಯಾಮೆರಾದ್ದಲ್ಲ. ಮೇಲೆ ಮರದೆಲೆ, ಸುತ್ತ ಕಾಫಿ ಎಲೆ. ಅವುಗಳ ಮೂಲಕ ಬಂದ ಬೆಳಕು ನಿಜವಾಗಿಯೂ ಹಸಿರೇ. ನಮ್ಮ ಕಣ್ಣು ಅದನ್ನು ಸರಿ ಮಾಡಿಕೊಳ್ಳುತ್ತದೆ, ಅಷ್ಟೇ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲು) ತೆಗೆದು ಆಮೇಲೆ ಟಿಂಟ್ ಅನ್ನು ಮಜೆಂಟಾ ಕಡೆಗೆ ಸ್ವಲ್ಪ ಎಳೆಯಿರಿ. ಜಾಸ್ತಿ ಎಳೆದರೆ ಎಲೆ ಸತ್ತಂತೆ ಕಾಣುತ್ತದೆ. ಅದಕ್ಕಿಂತ ಸುಲಭದ ದಾರಿ, ಜನರನ್ನು ತೋಟದ ನಡುವಿನಿಂದ ಅಂಚಿಗೆ ಕರೆದುಕೊಂಡು ಬರುವುದು. ಕಾಫಿ ಒಣಗಿಸುವ ಕಣದ ಪಕ್ಕ ನಿಲ್ಲಿಸಿದರೆ ಬೆಳಕು ತೆರೆದ ಆಕಾಶದಿಂದ ಬರುತ್ತದೆ.

ಕಾಫಿ ಹೂವಿನ ಫೋಟೊ ತೆಗೆಯಲು ಯಾವ ತಾರೀಕಿಗೆ ಬರಬೇಕು ಸರ್?

ತಾರೀಕು ನನಗೂ ಗೊತ್ತಿರಲ್ಲ. ಮಳೆ ಹೇಳಬೇಕು. ಫೆಬ್ರವರಿ ಮಾರ್ಚ್ ಹೊತ್ತಿಗೆ ಮೊಗ್ಗು ಕಾದು ಕೂತಿರುತ್ತದೆ. ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬಿದ್ದ ಸುಮಾರು ಎಂಟು ಹತ್ತು ದಿನಕ್ಕೆ ಒಟ್ಟಿಗೇ ಅರಳುತ್ತದೆ. ಮೂರು ನಾಲ್ಕು ದಿನದಲ್ಲಿ ಕಂದಾಗುತ್ತದೆ. ರಜೆ ಹಾಕಿ, ರೂಮು ಬುಕ್ ಮಾಡಿ ಬರುವವರಿಗೆ ಇದು ಕಷ್ಟ. ಆದರೆ ಒಂದು ಉಪಾಯ ಇದೆ. ರೊಬಸ್ಟಾ ತೋಟದವರು ಈಗ ಮಳೆಗೆ ಕಾಯದೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸುತ್ತಾರೆ. ಹಾಗಾಗಿ ಒಂದು ತೋಟ ಬೆಳ್ಳಗಿದ್ದರೆ ಬೇಲಿಯಾಚೆಯ ತೋಟ ಇನ್ನೂ ಹಸಿರಾಗಿರುತ್ತದೆ. ಗೊತ್ತಿರುವ ತೋಟದವರಿಗೆ ಫೋನ್ ಮಾಡಿ ನೀರು ಯಾವತ್ತು ಕೊಟ್ಟಿರಿ ಅಂತ ಕೇಳಿ. ಆ ದಿನದಿಂದ ಎಣಿಸಿ. ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಏರಿದ ಮೇಲೆ ಫೋಟೊದಲ್ಲಿ ಬಿಳಿ ಹೂವಿನ ಎಸಳಿನ ಗೆರೆಯೆಲ್ಲ ಸುಟ್ಟು ಹೋಗುತ್ತದೆ. ಜೇನುನೊಣ ತುಂಬಾ ಇರುತ್ತದೆ. ಅವುಗಳ ಪಾಡಿಗೆ ಬಿಟ್ಟರೆ ಏನೂ ಮಾಡಲ್ಲ.

ಮಳೆಗಾಲದಲ್ಲಿ ಲೆನ್ಸ್ ಒಳಗೆ ಬಲೆ ಕಟ್ಟಿದ ಹಾಗೆ ಆಗಿದೆ. ಒರೆಸಿದರೆ ಹೋಗುತ್ತಾ?

ಹೋಗಲ್ಲ. ಅದು ಫಂಗಸ್, ಲೆನ್ಸಿನ ಒಳಗಿನ ಗಾಜಿನ ಮೇಲೆ ಬೆಳೆದಿದೆ. ಸರ್ವಿಸಿನವರು ಬಿಚ್ಚಿ ತೊಳೆಯಬೇಕು. ತಡ ಮಾಡಿದರೆ ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತದೆ, ಆಮೇಲೆ ತೊಳೆದರೂ ಗುರುತು ಉಳಿಯುತ್ತದೆ.

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಲೆನ್ಸ್ ಯಾವ ಲೆಕ್ಕ? ಇಲ್ಲಿ ಈ ಕಸುಬು ಮಾಡುವವರಿಗೆ ಡ್ರೈ ಕ್ಯಾಬಿನೆಟ್ ಬೇಕೇ ಬೇಕು. ಒಳಗಿನ ತೇವ ಶೇಕಡಾ 40ರಿಂದ 50ರಲ್ಲಿ ಇರಲಿ. ತೀರಾ ಒಣಗಿಸಬೇಡಿ, ರಬ್ಬರ್ ಹಾಳಾಗುತ್ತದೆ. ಅಷ್ಟು ದುಡ್ಡಿಲ್ಲವೇ? ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದಷ್ಟು ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ತಂದುಕೊಳ್ಳಿ. ಜೆಲ್‌ನ ಬಣ್ಣ ಬದಲಾದಾಗ ಹದ ಬಿಸಿಯಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಲೆನ್ಸನ್ನು ಬ್ಯಾಗಿನಲ್ಲೇ ಬಿಟ್ಟು ತಿಂಗಳುಗಟ್ಟಲೆ ಮೂಲೆಯಲ್ಲಿ ಇಡಬೇಡಿ. ಬ್ಯಾಗಿನ ಸ್ಪಂಜು ತೇವ ಹೀರಿಕೊಂಡು ಕೂರುತ್ತದೆ. ಉಪಯೋಗಿಸುತ್ತಲೇ ಇರುವ ಲೆನ್ಸ್‌ಗೆ ಫಂಗಸ್ ಅಷ್ಟು ಸುಲಭಕ್ಕೆ ಬರಲ್ಲ.

## ಮದುವೆ, ಹಬ್ಬ

ಮೊದಲ ಸಲ ಕೊಡವ ಮದುವೆ ಒಪ್ಪಿಕೊಂಡಿದ್ದೇನೆ. ನಾನು ಬೆಂಗಳೂರಿನವನು. ಏನು ತಿಳಿದುಕೊಂಡಿರಬೇಕು?

ಮೊದಲನೆಯದು, ಇಲ್ಲಿ ಪುರೋಹಿತರು ಇರುವುದಿಲ್ಲ. ಮಂತ್ರ ಕೇಳಿ 'ಈಗ ಮಾಂಗಲ್ಯ, ಈಗ ಧಾರೆ' ಅಂತ ಅಂದಾಜು ಮಾಡಿ ಅಭ್ಯಾಸ ಆದವರು ಇಲ್ಲಿ ಕಂಗಾಲಾಗುತ್ತಾರೆ. ದೀಪ ಇದೆ, ಹಿರಿಯರು ಇದ್ದಾರೆ, ವಾಲಗ ಇದೆ. ಏನು ಯಾವಾಗ ಅನ್ನುವುದು ಹಿರಿಯರಿಗೆ ಗೊತ್ತು. ಹಾಗಾಗಿ ಹಿಂದಿನ ದಿನವೇ ಮನೆಯ ಒಬ್ಬ ಹಿರಿಯರ ಹತ್ತಿರ ಕೂತು ಕ್ರಮ ಬರೆದುಕೊಳ್ಳಿ. ಮನೆತನದಿಂದ ಮನೆತನಕ್ಕೆ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ.

ಮುಹೂರ್ತದಲ್ಲಿ ವಧು ಅಥವಾ ವರ ಮುಕ್ಕಾಲಿಯ ಮೇಲೆ ಕೂತಿರುತ್ತಾರೆ. ಬಂದವರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿ ಇರುವ ಸಣ್ಣ ಚೊಂಬು) ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಾರೆ. ಸಾಲು ಉದ್ದ ಇರುತ್ತದೆ. ನೀವು ನೇರ ಎದುರಿಗೆ ನಿಂತರೆ ನಿಮಗೆ ಸಿಗುವುದು ಹರಸುವವರ ಬೆನ್ನು ಮಾತ್ರ. ಪಕ್ಕಕ್ಕೆ, ಸ್ವಲ್ಪ ತಗ್ಗಿ ನಿಲ್ಲಿ. ಆಗ ಕಿಂಡಿ, ಹರಸುವವರ ಮುಖ, ಕೂತವರ ಕಣ್ಣು ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಮೊದಲು ಬರುವುದು ಸಾಮಾನ್ಯವಾಗಿ ತಾಯಿ. ಆ ಒಂದು ಫೋಟೊ ತಪ್ಪಬಾರದು. ಉಳಿದ ಮುನ್ನೂರು ಜನರಲ್ಲಿ ಹತ್ತು ತಪ್ಪಿದರೂ ಯಾರೂ ಬೈಯಲ್ಲ.

ಬಟ್ಟೆಯ ಬಣ್ಣ ನಿಜವಾದ ತಲೆನೋವು. ವರ ಬಿಳಿ ಕುಪ್ಯದಲ್ಲಿ (ಕೊಡವ ಗಂಡಸರ ಉದ್ದ ಕೋಟು), ಸುತ್ತಲಿನ ಗಂಡಸರೆಲ್ಲ ಕಪ್ಪು ಕುಪ್ಯದಲ್ಲಿ, ವಧು ಕಡುಗೆಂಪು ರೇಷ್ಮೆಯಲ್ಲಿ. ಮೀಟರ್ ಬಿಳಿಯ ಮೇಲೆ ಬಿದ್ದರೆ ಮುಖ ಕಪ್ಪಾಗುತ್ತದೆ. ಕಪ್ಪಿನ ಮೇಲೆ ಬಿದ್ದರೆ ವರನ ಬಿಳಿ ಹಾರಿಹೋಗುತ್ತದೆ. ಮದುವೆ ಹಾಲ್ ಒಳಗಿನ ಬೆಳಕು ಬದಲಾಗದಿದ್ದರೆ ಮ್ಯಾನ್ಯುವಲ್‌ಗೆ ಹಾಕಿ, ಮುಖಕ್ಕೆ ಸರಿ ಮಾಡಿ, ಅಲ್ಲಿಗೆ ಬಿಟ್ಟುಬಿಡಿ. ಕೆಂಪು ರೇಷ್ಮೆಗೆ ಹಿಸ್ಟೋಗ್ರಾಮ್‌ನ (ಬೆಳಕು ಎಷ್ಟು ಬಿದ್ದಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ) ಕೆಂಪು ಗೆರೆಯನ್ನೇ ಬೇರೆಯಾಗಿ ನೋಡಿ. ಒಟ್ಟು ಗೆರೆ ಸರಿ ಇದ್ದರೂ ಕೆಂಪು ಅಂಚಿಗೆ ತಾಗಿದ್ದರೆ ಸೀರೆ ಬಣ್ಣ ಬಳಿದ ಕಾಗದದಂತೆ ಕಾಣುತ್ತದೆ, ಜರಿಯೂ ಇರಲ್ಲ ಮಡಿಕೆಯೂ ಇರಲ್ಲ. ಇನ್ನೊಂದು, ಕೊಡವ ಸೀರೆಯ ನೆರಿಗೆ ಹಿಂದೆ ಇರುತ್ತದೆ. ಹಾಗಾಗಿ ವಧುವಿನ ಒಂದೆರಡು ಫೋಟೊ ಹಿಂದಿನಿಂದಲೂ ಬೇಕು. ಹೊರಗಿನವರು ಇದನ್ನು ಮರೆಯುತ್ತಾರೆ.

ಕತ್ತಿಯಿಂದ ಬಾಳೆ ದಿಂಡು ಕಡಿಯುವ ಶಾಸ್ತ್ರ ಇದೆ, ಆಗ ಶಟರ್ 1/1000 ಸೆಕೆಂಡಿಗೆ ಇರಲಿ. ಕತ್ತಿ ಬೀಸುವ ದಾರಿಯಿಂದ ದೂರ ನಿಲ್ಲಿ. ಇದು ಫೋಟೊ ಸಲಹೆ ಅಲ್ಲ, ಜೀವದ ಸಲಹೆ. ಕಡಿಯುವವರ ಕಾಲು ನೋಡುತ್ತಿರಿ. ಕಾಲು ನೆಲಕ್ಕೆ ಊರಿದ ಕೂಡಲೇ ಕೈ ಬರುತ್ತದೆ.

ಗಂಗಾಪೂಜೆಗೆ ಬ್ಯಾಟರಿ ಉಳಿಸಿಕೊಳ್ಳಿ. ವಧು ಬಾವಿಯಿಂದ ನೀರು ಹೊತ್ತು ಮನೆ ಕಡೆ ಬರುವಾಗ ವರನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿ ತಡೆಯುತ್ತಾರೆ. ಇದು ಗಂಟೆಗಟ್ಟಲೆ ನಡೆಯಬಹುದು. ಎಲ್ಲರೂ ಕುಣಿಯುವವರ ಫೋಟೊ ತೆಗೆಯುತ್ತಾರೆ. ತಲೆಯ ಮೇಲೆ ಕೊಡ ಹೊತ್ತು ಸುಮ್ಮನೆ ನಿಂತವಳ ಮುಖವನ್ನೂ ನೋಡಿ. ನಗು, ಸುಸ್ತು, ಸಿಟ್ಟು ಒಂದರ ಹಿಂದೆ ಒಂದು ಬರುತ್ತವೆ.

ಕೊಡಗಿನ ಮದುವೆಯೆಲ್ಲ ಕೊಡವ ಮದುವೆ ಅಲ್ಲ ಅನ್ನುವುದೂ ನೆನಪಿರಲಿ. ಅರೆಭಾಷೆ ಗೌಡರ ಮದುವೆ ಬೇರೆ, ಮಾಪಿಳ್ಳೆ ಮುಸ್ಲಿಮರದ್ದು ಬೇರೆ. ಎಲ್ಲ ಕಡೆಯೂ ಹಿಂದಿನ ದಿನ ಹೋಗಿ ಕೇಳುವುದೊಂದೇ ದಾರಿ.

ಪುತ್ತರಿ ಸುಗ್ಗಿ ಹಬ್ಬದಲ್ಲಿ ಕದಿರು ಕೊಯ್ಯುವುದು ಕತ್ತಲಲ್ಲಿ. ಫ್ಲ್ಯಾಶ್ ಹಾಕಬಹುದಾ?

ಹಾಕಬೇಡಿ. ದೀಪ, ಪಂಜು, ಹುಣ್ಣಿಮೆಯ ಆಸುಪಾಸಿನ ಚಂದ್ರ, ಇಷ್ಟರಲ್ಲೇ ನಡೆಯುವ ಕೆಲಸ ಅದು. ಫ್ಲ್ಯಾಶ್ ಹೊಡೆದರೆ ಗದ್ದೆಯೂ ಬಿಳಿ, ಮುಖವೂ ಬಿಳಿ, ಸುತ್ತಲಿನವರ ಕಣ್ಣೂ ಕುರುಡು. ಐಎಸ್‌ಒ 6400 ಇಡಿ, ಎಫ್ 1.8 ಲೆನ್ಸ್ ಹಾಕಿ, ಶಟರ್ 1/60ರ ಹತ್ತಿರ ಇಟ್ಟು ತೆಗೆಯಿರಿ. ಸ್ವಲ್ಪ ಕಾಳು ಕಾಳಾಗಿ ಬರುತ್ತದೆ, ಬರಲಿ. ಕದಿರು ಕೊಯ್ಯುವ ಹೊತ್ತು ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮೊದಲೇ ಗೊತ್ತಾಗಿರುತ್ತದೆ, ಅದನ್ನು ಕೇಳಿಟ್ಟುಕೊಳ್ಳಿ. ಆ ಕ್ಷಣಕ್ಕೆ ಗುಂಡು ಹಾರುತ್ತದೆ, 'ಪೊಲಿ ಪೊಲಿ ದೇವಾ' ಅಂತ ಕೂಗು ಏಳುತ್ತದೆ. ಗುಂಡಿನ ಸದ್ದಿಗೆ ಕೈ ಅದುರುವುದು ಸಹಜ. ಮೊದಲೇ ಗೊತ್ತಿದ್ದರೆ ಮೊಣಕೈ ಎದೆಗೆ ಒತ್ತಿ ಹಿಡಿದುಕೊಂಡಿರುತ್ತೀರಿ.

ಮಡಿಕೇರಿ ದಸರಾ ಮೆರವಣಿಗೆಯ ಮಂಟಪ ತೆಗೆದರೆ ಫೋಟೊ ತುಂಬ ಪಟ್ಟೆ ಪಟ್ಟೆ. ಕ್ಯಾಮೆರಾ ಹಾಳಾಗಿದೆಯಾ?

ಇಲ್ಲ. ಎಲ್‌ಇಡಿ ದೀಪ ಕಣ್ಣಿಗೆ ಕಾಣದ ವೇಗದಲ್ಲಿ ಮಿಟುಕುತ್ತದೆ. ನೀವು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಜಾಸ್ತಿ ವೇಗ ಇಟ್ಟಿದ್ದೀರಿ. ಮೆಕ್ಯಾನಿಕಲ್ ಶಟರ್‌ಗೆ ಬನ್ನಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ 1/50 ಅಥವಾ 1/100 ಇಟ್ಟು ನೋಡಿ. ಎಲ್ಲ ದೀಪಕ್ಕೂ ಇದು ಕೆಲಸ ಮಾಡಲ್ಲ, ಹೆಚ್ಚಿನವಕ್ಕೆ ಮಾಡುತ್ತದೆ. ಹತ್ತು ಮಂಟಪವನ್ನೂ ಹಿಡಿಯಲು ಓಡಾಡಿದರೆ ಒಂದೂ ಸರಿಯಾಗಿ ಸಿಗಲ್ಲ. ಬೆಳಗಿನ ಜಾವದವರೆಗೂ ನಡೆಯುತ್ತದೆ, ಒಂದೆರಡು ಆರಿಸಿಕೊಂಡು ಅವುಗಳ ಜೊತೆ ನಡೆಯಿರಿ.

ಡ್ರೋನ್ ಹಾರಿಸಲು ಯಾರನ್ನೂ ಕೇಳಬೇಕಾಗಿಲ್ಲ ಅಲ್ವಾ?

ಕೇಳಬೇಕು. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗಿನದ್ದು ನ್ಯಾನೊ. ಅದಕ್ಕಿಂತ ಭಾರದ್ದನ್ನು ದುಡ್ಡಿನ ಕೆಲಸಕ್ಕೆ ಹಾರಿಸುವವರ ಹತ್ತಿರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರಬೇಕು. ಮದುವೆಗೆ ಹಾರಿಸುವುದು ದುಡ್ಡಿನ ಕೆಲಸವೇ. ಹಾರಿಸಲು ಬಿಟ್ಟಿರುವ ಹಸಿರು ವಲಯದಲ್ಲೂ 400 ಅಡಿ ದಾಟುವ ಹಾಗಿಲ್ಲ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಕಡೆಯ ಕಾಡುಗಳಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಡ್ರೋನ್ ಒಯ್ಯಲೇಬೇಡಿ. ತೋಟದಲ್ಲಿ ಆನೆ ಇದ್ದಾಗ ಹಾರಿಸಿದರೆ ಅದು ಗಾಬರಿಯಾಗಿ ಯಾವ ಕಡೆ ಓಡುತ್ತದೋ ಹೇಳಲಾಗದು. ಅಲ್ಲಿ ಕೆಲಸದವರು ಇರುತ್ತಾರೆ.

## ದುಡ್ಡಿನ ಮಾತು

ನಿಜ ಹೇಳಿ, ಇದರಲ್ಲಿ ಜೀವನ ನಡೆಯುತ್ತಾ?

ನಡೆಯುತ್ತದೆ, ಆದರೆ ಹನ್ನೆರಡು ತಿಂಗಳೂ ನಡೆಯಲ್ಲ. ಏಪ್ರಿಲ್ ಮೇ, ಆಮೇಲೆ ನವೆಂಬರ್ ಡಿಸೆಂಬರ್, ಮದುವೆಯ ದುಡ್ಡು ಬರುವುದು ಆಗ. ಮಳೆಗಾಲ ಖಾಲಿ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಇಲ್ಲಿ ಶುಭಕಾರ್ಯವೇ ಇಲ್ಲ. ಮೇ ತಿಂಗಳಲ್ಲಿ ಜೇಬು ತುಂಬಿದೆ ಅಂತ ಹೊಸ ಲೆನ್ಸ್ ತಗೊಂಡವರು ಆಗಸ್ಟ್‌ನಲ್ಲಿ ಅದನ್ನೇ ಮಾರುವುದನ್ನು ನೋಡಿದ್ದೇನೆ.

ಖಾಲಿ ತಿಂಗಳಿಗೆ ಬೇರೆ ಕೆಲಸ ಇಟ್ಟುಕೊಳ್ಳಿ. ಆಲ್ಬಮ್ ಡಿಸೈನು, ಕಾಫಿ ಪುಡಿ ಜೇನು ಮಾರುವವರ ಪ್ಯಾಕೆಟ್ ಫೋಟೊ, ಹೋಂಸ್ಟೇ ರೂಮುಗಳು. ಮತ್ತೆ ಪಾಸ್‌ಪೋರ್ಟ್ ಫೋಟೊ. ಇದನ್ನು ಹೇಳಿಕೊಳ್ಳಲು ಕೆಲವರಿಗೆ ನಾಚಿಕೆ. ನನಗೆ ಇಲ್ಲ. ಜುಲೈ ತಿಂಗಳ ಅಕ್ಕಿ ಬೇಳೆ ಬಂದದ್ದು ಅದರಿಂದಲೇ. ಒಬ್ಬ ಅಪರಿಚಿತನನ್ನು ಎರಡು ನಿಮಿಷದಲ್ಲಿ ಸಲೀಸಾಗಿ ಕೂರಿಸುವುದು ಹೇಗೆ ಅಂತ ಕಲಿತದ್ದೂ ಆ ಸ್ಟೂಲಿನ ಮುಂದೆಯೇ.

ರೇಟು ಹೇಗೆ ಹೇಳಬೇಕು? ಜಾಸ್ತಿ ಹೇಳಿದರೆ ಓಡುತ್ತಾರೆ, ಕಮ್ಮಿ ಹೇಳಿದರೆ ನಾವು ಮುಳುಗುತ್ತೇವೆ.

ಪಕ್ಕದವರ ರೇಟು ಕೇಳುವ ಮೊದಲು ನಿಮ್ಮ ಖರ್ಚು ಲೆಕ್ಕ ಹಾಕಿ. ಉದಾಹರಣೆಗೆ ಕ್ಯಾಮೆರಾ, ಲೆನ್ಸ್, ಕಂಪ್ಯೂಟರ್ ಸೇರಿ ನಾಲ್ಕು ಲಕ್ಷ, ನಾಲ್ಕು ವರ್ಷ ಬಾಳುತ್ತದೆ ಅನ್ನಿ. ವರ್ಷಕ್ಕೆ ಒಂದು ಲಕ್ಷ ಅಲ್ಲೇ ಹೋಯಿತು. ವರ್ಷಕ್ಕೆ ಇಪ್ಪತ್ತು ಮದುವೆ ಸಿಕ್ಕರೆ ಪ್ರತಿ ಮದುವೆಯ ಮೇಲೆ ಐದು ಸಾವಿರ ಸಲಕರಣೆಗೇ ಬೇಕು. ಅದರ ಮೇಲೆ ಸಹಾಯಕನ ಸಂಬಳ, ಪೆಟ್ರೋಲು, ಆಲ್ಬಮ್ ಪ್ರಿಂಟು. ಆಮೇಲೆ ನಿಮ್ಮ ದಿನಗಳು. ಎರಡು ದಿನದ ಮದುವೆ ಅಂದರೆ ಎಡಿಟಿಂಗ್ ಸೇರಿ ಒಂದು ವಾರದ ಕೆಲಸ. ಎಲ್ಲ ಕೂಡಿಸಿ ಬಂದ ಮೊತ್ತಕ್ಕಿಂತ ಕಮ್ಮಿಗೆ ಒಪ್ಪಿದರೆ ನೀವೇ ಅವರಿಗೆ ದುಡ್ಡು ಕೊಟ್ಟಂತೆ. ಅಡ್ವಾನ್ಸ್ ಬಂದ ಮೇಲೆಯೇ ದಿನ ಗಟ್ಟಿ ಮಾಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ.

ನೆಂಟರಿಗೆ? ಕೊಡಗು ಸಣ್ಣ ಜಿಲ್ಲೆ, ಎಲ್ಲರೂ ಯಾರಿಗಾದರೂ ನೆಂಟರೇ. ತೀರಾ ಹತ್ತಿರದವರಿಗೆ ನಾನು ಉಡುಗೊರೆಯಾಗಿ ಪೂರ್ತಿ ಉಚಿತ ಮಾಡುತ್ತೇನೆ, ಉಳಿದವರಿಗೆ ಪೂರ್ತಿ ರೇಟು. ನಡುವಿನದ್ದು ಬೇಡ. ಅರ್ಧ ದುಡ್ಡು ಕೊಟ್ಟವರೇ ಜಾಸ್ತಿ ತಕರಾರು ಮಾಡುವುದು.

ನಾನು ತೆಗೆದ ಮದುವೆ ಫೋಟೊ ನನ್ನದೇ ತಾನೆ? ನನ್ನ ಪ್ರಚಾರಕ್ಕೆ ಹಾಕಿಕೊಳ್ಳಬಹುದಲ್ಲ?

ಹೆಚ್ಚಿನವರು ಹೀಗೇ ತಿಳಿದಿದ್ದಾರೆ. ಕಾನೂನು ಬೇರೆ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಫೋಟೊ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಬೇರೆ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತದೆ. ಆದ್ದರಿಂದ ಅಡ್ವಾನ್ಸ್ ರಸೀದಿಯಲ್ಲೇ ಒಂದು ಸಾಲು ಸೇರಿಸಿ: ಹಕ್ಕು ಯಾರದ್ದು, ಪ್ರಚಾರಕ್ಕೆ ಯಾವುದನ್ನು ಹಾಕಬಹುದು. ಕೆಲವು ಮನೆಯವರು ಹೆಣ್ಣುಮಕ್ಕಳ ಫೋಟೊ ಬೇಡ ಅನ್ನುತ್ತಾರೆ. ಅದನ್ನೂ ಬರೆದುಕೊಳ್ಳಿ. ಸಹಿ ಇರಲಿ. ಬಾಯಿಮಾತು ಮದುವೆಯ ದಿನ ಸಿಹಿಯಾಗಿರುತ್ತದೆ, ಆರು ತಿಂಗಳ ಮೇಲೆ ಯಾರಿಗೂ ನೆನಪಿರಲ್ಲ.

ಫೋಟೊಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ?

ಒಪ್ಪಂದದಲ್ಲಿ ಒಂದು ವರ್ಷ ಅಂತ ಬರೆದಿರುತ್ತೇನೆ. ನಿಜವಾಗಿ ಯಾವುದನ್ನೂ ಅಳಿಸುವುದಿಲ್ಲ. ಕಾರಣ 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡ ಜಾರಿ ಮನೆಗಳು ಹೋದವು. ಬದುಕಿ ಬಂದವರಲ್ಲಿ ಕೆಲವರು ಆಮೇಲೆ ಫೋನ್ ಮಾಡಿದರು. ಅಕ್ಕಿ, ಬಟ್ಟೆ ಬೇರೆಯವರು ಕೊಟ್ಟಿದ್ದರು. ಇವರು ಕೇಳಿದ್ದು ಮದುವೆ ಫೋಟೊ ಇದೆಯಾ ಅಂತ. ಆಲ್ಬಮ್ ಮಣ್ಣಿನಡಿ ಹೋಗಿತ್ತು.

ಹಾಗಾಗಿ ಮೂರು ಪ್ರತಿ ಇಡಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ. ತೋಟದ ನಡುವೆ ನೆಟ್‌ವರ್ಕ್ ಇರಲ್ಲ ಅನ್ನುವವರು ಒಂದು ಡಿಸ್ಕನ್ನು ಮೈಸೂರಿನ ತಂಗಿ ಮನೆಯಲ್ಲೋ ಗೆಳೆಯನ ಮನೆಯಲ್ಲೋ ಇಡಿ. ಗುಡ್ಡದ ಮೇಲಿನ ಒಂದೇ ಮನೆಯಲ್ಲಿ ಮೂರು ಪ್ರತಿ ಇದ್ದರೆ ಅದು ಒಂದೇ ಪ್ರತಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಡಿಸ್ಕಿಗೆ ಏಟು ಬೀಳುತ್ತದೆ, ಯುಪಿಎಸ್ ಇರಲಿ.

## ಸ್ವಲ್ಪ ಆಳದ ಪ್ರಶ್ನೆಗಳು

ನಿಮಗೆ ಐಡಿಯಾ ಎಲ್ಲಿಂದ ಬರುತ್ತೆ? ನನಗೆ ಕೊಡಗಿನಲ್ಲಿ ತೆಗೆಯಲು ಏನೂ ಉಳಿದಿಲ್ಲ ಅನ್ನಿಸುತ್ತೆ.

ಹೊಸ ಜಾಗ ಹುಡುಕುವವರಿಗೆ ಹಾಗೆ ಅನ್ನಿಸುತ್ತದೆ. ಅಬ್ಬಿ ಆಯಿತು, ಮಾಂದಲಪಟ್ಟಿ ಆಯಿತು, ಇರ್ಪು ಆಯಿತು, ತಡಿಯಂಡಮೋಳೂ ಹತ್ತಿ ಆಯಿತು, ಇನ್ನೇನು? ನನ್ನ ಪ್ರಕಾರ ಹೊಸ ಫೋಟೊ ಹೊಸ ಜಾಗದಲ್ಲಿ ಸಿಗುವುದು ಕಮ್ಮಿ. ಮುಂದೆ ಏನಾಗುತ್ತದೆ ಅಂತ ನಿಮಗೆ ಗೊತ್ತಿರುವ ಜಾಗದಲ್ಲಿ ಸಿಗುತ್ತದೆ.

ಕೊಡವ ಮನೆತನಗಳ ನಡುವೆ ನಡೆಯುವ ಕುಟುಂಬ ಹಾಕಿಯನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಮನೆತನದವರು ಶುರು ಮಾಡಿದ್ದು. ಹೊರಗಿನಿಂದ ಬಂದ ಫೋಟೊಗ್ರಾಫರ್ ಗೋಲಿನ ಹಿಂದೆ ಕೂರುತ್ತಾರೆ. ಒಳ್ಳೆಯ ಆ್ಯಕ್ಷನ್ ಫೋಟೊ ಸಿಗುತ್ತದೆ, ಅಂಥದ್ದು ಯಾವ ಮೈದಾನದಲ್ಲೂ ಸಿಗುತ್ತದೆ. ಇಲ್ಲಿಯ ವಿಶೇಷ ಏನು? ಜೆರ್ಸಿಯ ಮೇಲೆ ಮನೆತನದ ಹೆಸರು. ಒಂದೇ ತಂಡದಲ್ಲಿ ಅಪ್ಪ, ಮಗಳು, ಬೆಂಗಳೂರಿನಿಂದ ರಜೆ ಹಾಕಿ ಬಂದ ಚಿಕ್ಕಪ್ಪ. ಓಡಲಾಗದೆ ಅರ್ಧದಲ್ಲಿ ನಿಂತ ಐವತ್ತರ ಡಿಫೆಂಡರ್. ಅವರನ್ನು ಗದರುವ ಗ್ಯಾಲರಿಯ ಅಜ್ಜಿ. ಈ ಅಜ್ಜಿ ಯಾವಾಗ ಎದ್ದು ನಿಲ್ಲುತ್ತಾರೆ ಅಂತ ಗೊತ್ತಾಗಬೇಕಾದರೆ ಇವರ ಮನೆತನ ಯಾರ ಎದುರು ಆಡುತ್ತಿದೆ, ಹೋದ ಸಲ ಯಾರು ಸೋತರು, ಎಲ್ಲ ಗೊತ್ತಿರಬೇಕು. ಗೊತ್ತಿದ್ದರೆ ನಿಮ್ಮ ಕ್ಯಾಮೆರಾ ಆಗಲೇ ಗ್ಯಾಲರಿ ಕಡೆ ತಿರುಗಿರುತ್ತದೆ.

ನಾನು ಒಂದು ಹಳೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಕಾಫಿ ಕೊಯ್ಲು ಯಾವ ತೋಟದಲ್ಲಿ ಯಾವಾಗ ಮುಗಿಯಿತು. ನಾಟಿ ಗದ್ದೆಗೆ ನೀರು ನಿಂತದ್ದು ಯಾವ ವಾರ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪು ಬೇಯಿಸಿ ಪಾಯಸ ಯಾರ ಮನೆಯಲ್ಲಿ ಮಾಡುತ್ತಾರೆ. ಆ ಪಾಯಸದ ಕಡುನೇರಳೆ ಬಣ್ಣ ಬಲ್ಬಿನ ಬೆಳಕಿನಲ್ಲಿ ಬರೀ ಕಂದು, ಕಿಟಕಿ ಬೆಳಕು ಬೇಕು. ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಯನ್ನು ಹೂವಿನಿಂದ ಸಿಂಗರಿಸುವವರು ಯಾರು. ಇವೆಲ್ಲ ಐಡಿಯಾ ಅಲ್ಲ, ಬರೀ ಮಾಹಿತಿ. ಮುಂದಿನ ವರ್ಷ ಅದೇ ಮನೆಗೆ ಅದೇ ದಿನ ಹೋದಾಗ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಗೊತ್ತಿರುತ್ತದೆ. ಮೊದಲ ವರ್ಷ ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ಮೂರನೇ ವರ್ಷ 'ಬಂದ್ಯಾ, ಕಾಫಿ ಕುಡಿ' ಅಂತಾರೆ. ಆಮೇಲೆ ನೀವು ಅಲ್ಲಿ ಇದ್ದೀರಿ ಅನ್ನುವುದನ್ನೇ ಮರೆಯುತ್ತಾರೆ. ಫೋಟೊ ಶುರುವಾಗುವುದು ಅಲ್ಲಿಂದ.

ಮೈಸೂರಿನ ಪತ್ರಿಕಾ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಫೋಟೊಗಳನ್ನು ಹುಡುಕಿ ನೋಡಿ. ಅವುಗಳಲ್ಲಿ ಹೆಚ್ಚಿನವು ಸಾಮಾನ್ಯ ಜನರದ್ದು, ಮಕ್ಕಳದ್ದು. ಅಪರೂಪದ ಜಾಗ ಒಂದೂ ಬೇಕಾಗಿಲ್ಲ ಅನ್ನಿಸುತ್ತದೆ.

ನನಗೆ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಗಬೇಕು. ನಾಗರಹೊಳೆ ಪಕ್ಕದಲ್ಲೇ ಇದೆಯಲ್ಲ?

ಪಕ್ಕದಲ್ಲಿದೆ, ನಿಜ. ಕುಟ್ಟದ ಹತ್ತಿರ ನಾಣಚ್ಚಿ ಗೇಟಿನಿಂದ ಸಫಾರಿ ಇದೆ. ಅದರಿಂದ ಹೊಟ್ಟೆ ತುಂಬುವುದು ಮಾತ್ರ ತುಂಬಾ ದೂರ. ಹುಲಿ ಫೋಟೊ ಈಗ ಉಚಿತವಾಗಿ ಸುರಿಯುತ್ತಿದೆ, ಕೊಳ್ಳುವವರಿಲ್ಲ. ವೈಲ್ಡ್‌ಲೈಫ್ ಫೋಟೊಗ್ರಾಫರ್ ಜೋಡಿ ಕೃಪಾಕರ-ಸೇನಾನಿ ಬಂಡೀಪುರ, ಮುದುಮಲೆ ಕಡೆ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ತಿರುಗಿದರು. ಒಂದು ಪ್ರಾಣಿ, ಒಂದು ಕಾಡು. ಅಷ್ಟು ತಾಳ್ಮೆ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ನಿಮ್ಮ ತೋಟದಲ್ಲೇ ಇರುವ ಕಪ್ಪೆ, ಮಾಮೂಲಿ ಅಳಿಲು, ಮಂಗಟ್ಟೆ ಹಕ್ಕಿಯಿಂದ ಶುರು ಮಾಡಿ. ಮಳೆಗಾಲದ ರಾತ್ರಿ ಕಪ್ಪೆಗಳು ದಾರಿ ಬದಿಯಲ್ಲೇ ಸಿಗುತ್ತವೆ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ, ಎಲೆ ಸರಿಸಬೇಡಿ. ನೀವು ಮಾಡಿದ ಕಿಂಡಿಯಿಂದ ಕಾಗೆಯೂ ನೋಡುತ್ತದೆ.

ತೋಟದ ಕೆಲಸದವರ ಫೋಟೊ ತುಂಬಾ ಸಹಜವಾಗಿ ಬರುತ್ತೆ. ಕೇಳಿ ತೆಗೆದರೆ ಸಹಜ ಹೋಗಲ್ವಾ?

ಕೇಳಿ. ಸ್ವಲ್ಪ ಹೊತ್ತು ಸಹಜ ಹೋಗುತ್ತದೆ, ಹತ್ತು ನಿಮಿಷ ಕಳೆದರೆ ವಾಪಸ್ ಬರುತ್ತದೆ. ತೋಟದ ಯಜಮಾನರು ಒಪ್ಪಿದರು ಅಂದ ಮಾತ್ರಕ್ಕೆ ಕೆಲಸದವರು ಒಪ್ಪಿದಂತಲ್ಲ. ಯಜಮಾನರ ಎದುರು ಅವರು 'ಬೇಡ' ಅನ್ನಲಾರರು. ಹಾಗಾಗಿ ಯಜಮಾನರು ಇಲ್ಲದಾಗ ಮತ್ತೊಮ್ಮೆ ಕೇಳುತ್ತೇನೆ. ಎರವ ಬುಡಕಟ್ಟಿನವರು ಇರುವ ಹಾಡಿಗೆ, ತೋಟದ ಕೆಲಸದವರ ಲೈನ್ ಮನೆಗೆ ಸುಮ್ನೆ ಕ್ಯಾಮೆರಾ ಎತ್ತಿಕೊಂಡು ನುಗ್ಗುವ ಪ್ರವಾಸಿಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಿಮ್ಮ ಅಡುಗೆಮನೆಗೆ ಯಾರಾದರೂ ಹಾಗೆ ಬಂದರೆ? ಫೋಟೊ ತೆಗೆದವರಿಗೆ ಪ್ರಿಂಟ್ ಕೊಡಿ, ಕಾಗದದ ಮೇಲಿನ ಪ್ರಿಂಟ್. ಅದನ್ನು ಕೊಡಲು ಎರಡನೇ ಸಲ ಹೋದಾಗ ಸಿಗುವ ಫೋಟೊಗಳೇ ಬೇರೆ.

ಹೋಂಸ್ಟೇಯವರು 'ಸ್ವಲ್ಪ ಚೆಂದ ಮಾಡಿ ಕೊಡಿ' ಅಂತಾರೆ. ಎಷ್ಟು ಚೆಂದ ಮಾಡಬಹುದು?

ಗೋಡೆಯ ಕಲೆ ತೆಗೆಯುತ್ತೇನೆ, ಅದಕ್ಕೆ ಅವರು ಹೇಗೂ ಬಣ್ಣ ಹೊಡೆಸುತ್ತಾರೆ. ವಯರು ಅಳಿಸುವುದಿಲ್ಲ, ಅದು ಅಲ್ಲೇ ಇರುತ್ತದೆ. ಇಲ್ಲದ ಬೆಟ್ಟ ಕಿಟಕಿಯಲ್ಲಿ ತರುವುದಿಲ್ಲ. ದೂರದ ಜಲಪಾತವನ್ನು ಹಿತ್ತಲಿನಲ್ಲಿ ಇದ್ದಂತೆ ತೋರಿಸುವುದಿಲ್ಲ. ಸಣ್ಣ ರೂಮನ್ನು ತೀರಾ ವೈಡ್ ಲೆನ್ಸಿನಲ್ಲಿ ಹಾಲ್ ಮಾಡುವುದೂ ಇಲ್ಲ. 24 ಎಂಎಂಗಿಂತ ಕೆಳಗೆ ಹೋಗುವುದು ಕಮ್ಮಿ. ಇದರಿಂದ ಕೆಲವು ಕೆಲಸ ಕೈತಪ್ಪಿದೆ. ಆದರೆ ಬಂದ ಅತಿಥಿಗೆ ಮೋಸ ಅನ್ನಿಸಿದರೆ ಅವರು ಬೈಯುವುದು ಹೋಂಸ್ಟೇಯವರನ್ನು, ಹೋಂಸ್ಟೇಯವರು ಮುಂದಿನ ಸಲ ಕರೆಯದೇ ಇರುವುದು ನನ್ನನ್ನು.

ಎಐ ಬಂದಿದೆ. ಇನ್ನು ನಿಮ್ಮ ಕೆಲಸ ಮುಗೀತು ಅಲ್ವಾ?

ಒಂದಷ್ಟು ಮುಗಿದಿದೆ. ಬ್ರೋಷರಿಗೆ ಬೇಕಾಗುವ 'ಮಂಜು, ಬೆಟ್ಟ, ಕಾಫಿ ಕಪ್' ಥರದ ಫೋಟೊಗೆ ಇನ್ನು ಯಾರೂ ಫೋನ್ ಮಾಡಲ್ಲ. ಅದಕ್ಕಾಗಿ ಅಳುವುದೂ ಇಲ್ಲ, ಅವು ಬೇಜಾರಿನ ಕೆಲಸ. ಆದರೆ ಮದುವೆಯಲ್ಲಿ ಅವರವರ ಅಜ್ಜಿ ಹಾಲು ಕುಡಿಸಿದ ಫೋಟೊ ಬೇಕಾದರೆ ಅಲ್ಲಿಗೆ ಯಾರಾದರೂ ಹೋಗಲೇಬೇಕು.

ಐನ್‌ಮನೆಯ (ಮನೆತನದ ಮೂಲ ಮನೆ) ಗೋಡೆಯಲ್ಲಿ ಮುತ್ತಜ್ಜನ ಕಾಲದ ಗ್ರೂಪ್ ಫೋಟೊ ಇದೆ, ಮಾಸುತ್ತಿದೆ. ಏನು ಮಾಡಬಹುದು?

ಮೊದಲು ಬಿಸಿಲು ಬೀಳುವ, ತೇವ ಇರುವ ಗೋಡೆಯಿಂದ ಇಳಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೇಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಕ್ಯಾಮೆರಾದಲ್ಲಿ ತೆಗೆಯಬಹುದು. ಟ್ರೈಪಾಡ್ ಹಾಕಿ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಕೊಟ್ಟರೆ ಗಾಜು ಮಿಂಚುವುದಿಲ್ಲ. ಬಿಡಿ ಫೋಟೊ ಆದರೆ ಸ್ಕ್ಯಾನರಿನಲ್ಲಿ 600 ಪಿಪಿಐ ಇಡಿ, ಸಣ್ಣ ನೆಗೆಟಿವ್ ಆದರೆ 2400 ಅಥವಾ ಅದಕ್ಕಿಂತ ಜಾಸ್ತಿ. ಸ್ಕ್ಯಾನ್ ಆದ ಮೇಲೆ ಮೂಲ ಫೋಟೊವನ್ನು ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿ ಇಡಿ. ಅಂಟು ಹಾಳೆಯ ಆಲ್ಬಮಿಗೆ ಹಾಕಬೇಡಿ.

ಬಣ್ಣ ತುಂಬಿಸಿ ಕೊಡಿ ಅಂತ ಕೇಳುವವರೂ ಇದ್ದಾರೆ. ಗಂಡಸರು ಸೊಂಟಕ್ಕೆ ಕಟ್ಟುವ ಚೇಲೆ ಕೆಂಪು ಅಂತ ಗೊತ್ತು, ಉಳಿದದ್ದೆಲ್ಲ ಊಹೆ. ನಾನು ಮಾಡುವುದಿಲ್ಲ. ಅದಕ್ಕಿಂತ ತುರ್ತಿನ ಕೆಲಸ ಬೇರೆ ಇದೆ. ಪ್ರಿಂಟ್ ತೆಗೆದು ಮನೆಯ ಅತಿ ಹಿರಿಯರ ಮುಂದೆ ಇಟ್ಟು, ಎಡದಿಂದ ಬಲಕ್ಕೆ ಯಾರು ಯಾರು ಅಂತ ಹೆಸರು ಬರೆಸಿಕೊಳ್ಳಿ. ಹಿಂದಿನ ಸಾಲಿನ ಹೆಂಗಸರ ಹೆಸರು ಮೊದಲು ಕೇಳಿ, ಎಲ್ಲರೂ ಮೊದಲು ಮರೆಯುವುದು ಅವರನ್ನೇ. ಆ ಹೆಸರುಗಳನ್ನು ಫೈಲಿನ ಜೊತೆಗೇ ಟೈಪ್ ಮಾಡಿ ಇಡಿ. ಸ್ಕ್ಯಾನಿಂಗ್ ಮಳೆ ಮುಗಿದ ಮೇಲೆ ಮಾಡಿದರೂ ಆದೀತು, ಹೆಸರು ಈ ವಾರವೇ ಬರೆಸಿ.